ದೀಪದ ಬೆಳಕಿನಲ್ಲಿ ಪೈರು: ಬೆಳಕಿನ ಬಣ್ಣಗಳೂ ಅವುಗಳ ಕೆಲಸವೂ

ಶುಭಕಾರ್ಯಗಳಲ್ಲಿ ಅಂಕುರಾರ್ಪಣೆಗೆಂದು ಪಾಲಿಕೆಗಳಲ್ಲಿ ಬಿತ್ತಿದ ನವಧಾನ್ಯಗಳನ್ನು ಎಲ್ಲರೂ ಕಂಡಿರುವರು. ದೇವರ ಕೋಣೆಯ ಮೂಲೆಯಲ್ಲಿ ಬೆಳಕು ಸೋಕದಂತೆ ಇರಿಸಿದ ಪಾಲಿಕೆಯ ಸಸಿಗಳು ಕೆಲವೇ ದಿನಗಳಲ್ಲಿ ನೀಳವಾಗಿ ಎದ್ದು, ಹಳದಿಯಾಗಿ, ತಮ್ಮ ಭಾರವನ್ನು ತಾವೇ ತಾಳಲಾರದೆ ಬಾಗುವುವು. ಅದೇ ಧಾನ್ಯವನ್ನು ಅದೇ ದಿನ ಹಿತ್ತಿಲ ಪಾತಿಯಲ್ಲಿ ಬಿತ್ತಿದ್ದಲ್ಲಿ ಸಸಿಗಳು ಗಿಡ್ಡವಾಗಿಯೂ ಹಸುರಾಗಿಯೂ ಗಟ್ಟಿಯಾಗಿಯೂ ನಿಲ್ಲುವುವು. ಬೀಜವೊಂದೇ, ಮಣ್ಣೂ ನೀರೂ ಒಂದೇ. ವ್ಯತ್ಯಾಸವಾದದ್ದು ಬೆಳಕೊಂದರಲ್ಲಿ ಮಾತ್ರ. ಕತ್ತಲೆಯ ಸಸಿಯು ಆಹಾರವಿಲ್ಲದೆ ಬಳಲಿದೆಯೆಂದು ಹೇಳಿದರೆ ಅದು ಅರ್ಧ ಉತ್ತರ. ಆಹಾರವಿಲ್ಲದ ಸಸಿಯು ಕುಗ್ಗಬೇಕಲ್ಲದೆ ಉದ್ದವಾಗುವುದೇಕೆ? ಈ ಪ್ರಶ್ನೆಗೆ ಉತ್ತರ ತಿಳಿದವರಿಗೆ, ದೀಪದ ಬೆಳಕಿನಲ್ಲಿ ಬೆಳೆ ತೆಗೆಯುವ ವಿಷಯದಲ್ಲಿ ಯಾವ ಖರ್ಚು ಸಾರ್ಥಕ, ಯಾವ ಖರ್ಚು ವ್ಯರ್ಥ ಎಂಬುದೂ ತಿಳಿದಂತೆಯೇ ಸರಿ.

ಈಚಿನ ವರ್ಷಗಳಲ್ಲಿ ಗಿಡ ಬೆಳೆಸುವ ದೀಪಗಳೆಂಬ ಹೆಸರಿನಿಂದ ಕೆಂಪು, ನೀಲಿ, ನೇರಳೆ ಬಣ್ಣದ ವಿದ್ಯುದ್ದೀಪಗಳು ಪೇಟೆಗೆ ಬಂದಿರುವುವು. ಒಂದು ಕೊಠಡಿಯೊಳಗೆ ಅಂಕಣ ಅಂಕಣವಾಗಿ ಸೊಪ್ಪು ಬೆಳೆಯಬಹುದು, ಕೇಸರಿ ಬೆಳೆಯಬಹುದು, ಭೂಮಿಯೂ ಬೇಡ, ಬಿಸಿಲೂ ಬೇಡ ಎಂಬ ಮಾತುಗಳು ಹಳ್ಳಿಗಳಿಗೂ ತಲಪಿರುವುವು. ಸಾಲ ಮಾಡಿ ಇಂಥ ಉದ್ಯಮಕ್ಕೆ ಕೈಹಾಕಬೇಕೆಂದಿರುವ ಯುವಕರು ಮೊದಲು ಸಲಹೆ ಕೇಳುವುದು ಊರಿನ ಮುಖ್ಯಸ್ಥರನ್ನೂ ಅನುಭವಸ್ಥ ಜಮೀನುದಾರರನ್ನೂ. ಆದಕಾರಣ ಬೆಳಕಿನ ಬಣ್ಣಗಳು ಸಸ್ಯದ ಮೇಲೆ ಹೇಗೆ ಕೆಲಸ ಮಾಡುವುವೆಂಬುದನ್ನು ಅವರು ಅರಿತಿರುವುದು ಅವಶ್ಯಕ.

ಬೆಳಕಿನ ಸ್ವರೂಪ

ಬಿಸಿಲು ಬೆಳ್ಳಗೆ ಕಂಡರೂ ಅದು ಅನೇಕ ಬಣ್ಣಗಳ ಕೂಟವೆಂಬುದಕ್ಕೆ ಕಾಮನಬಿಲ್ಲೇ ಸಾಕ್ಷಿ. ಬೆಳಕು ಅಲೆಗಳ ರೂಪದಲ್ಲಿ ಚಲಿಸುವುದು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರಕ್ಕೆ ತರಂಗಾಂತರವೆಂದು ಹೆಸರು. ಇದನ್ನು ನ್ಯಾನೋಮೀಟರಿನಲ್ಲಿ ಅಳೆಯುವರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೋಮೀಟರು. ನೀಲಿ ಬೆಳಕಿನ ತರಂಗಾಂತರ ಸುಮಾರು 400ರಿಂದ 500, ಹಸುರಿನದು 500ರಿಂದ 600, ಕೆಂಪಿನದು 600ರಿಂದ 700 ಎಂದು ಸ್ಥೂಲವಾಗಿ ಹೇಳಬಹುದು. 400ಕ್ಕಿಂತ ಕೆಳಗಿನದು ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣದು. 700ಕ್ಕಿಂತ ಸ್ವಲ್ಪ ಮೇಲೆ, ಸುಮಾರು 730ರ ಆಸುಪಾಸಿನಲ್ಲಿ, ಕೆಂಪಿನ ಅಂಚಿನಲ್ಲಿರುವ ಬೆಳಕು ಮನುಷ್ಯನ ಕಣ್ಣಿಗೆ ಇದ್ದೂ ಇಲ್ಲದಂತಿರುವುದು. ಸಸ್ಯಕ್ಕಾದರೋ ಅದು ಬಹು ಮುಖ್ಯ. ಇದನ್ನು ಈ ಲೇಖನದಲ್ಲಿ ಅಂಚುಗೆಂಪು ಎಂದು ಕರೆದಿದೆ.

ಸಸ್ಯವು ಬೆಳಕನ್ನು ಎರಡು ವಿಧವಾಗಿ ಉಪಯೋಗಿಸಿಕೊಳ್ಳುವುದು. ಮೊದಲನೆಯದಾಗಿ, ಬೆಳಕು ಅದಕ್ಕೆ ಆಹಾರವನ್ನು ಕಟ್ಟಿಕೊಳ್ಳುವ ಶಕ್ತಿ. ಎರಡನೆಯದಾಗಿ, ಬೆಳಕು ಅದಕ್ಕೆ ಹೊರಗಿನ ಸಮಾಚಾರವನ್ನು ತಿಳಿಸುವ ದೂತ. ಈ ಎರಡು ಕೆಲಸಗಳ ಭೇದವನ್ನು ತಿಳಿಯದಿರುವುದೇ ಈ ವಿಷಯದಲ್ಲಿ ಆಗುವ ಹೆಚ್ಚಿನ ನಷ್ಟಗಳಿಗೆ ಮೂಲ.

ಆಹಾರಕ್ಕೆ ಬೇಕಾಗುವ ಬೆಳಕು

ಎಲೆಯಲ್ಲಿರುವ ಪತ್ರಹರಿತ್ತೆಂಬ ಹಸುರು ಪದಾರ್ಥವು ಬೆಳಕನ್ನು ಹೀರಿ, ಗಾಳಿಯಲ್ಲಿನ ಇಂಗಾಲಾಮ್ಲವನ್ನೂ ಬೇರಿನಿಂದ ಬಂದ ನೀರನ್ನೂ ಕೂಡಿಸಿ ಸಕ್ಕರೆಯನ್ನು ಕಟ್ಟುವುದು. ಕಾಳು, ಕಾಯಿ, ನಾರು, ಮರ ಇವೆಲ್ಲವೂ ಈ ಸಕ್ಕರೆಯಿಂದಲೇ ಆದವು. ಯಾವ ಬಣ್ಣದ ಬೆಳಕು ಈ ಕೆಲಸಕ್ಕೆ ಹೆಚ್ಚು ಒದಗುವುದೆಂಬುದನ್ನು 1882ರಲ್ಲಿ ಎಂಗೆಲ್ಮನ್ ಎಂಬ ಜರ್ಮನ್ ವಿಜ್ಞಾನಿಯು ಒಂದು ಸರಳವಾದ ಯುಕ್ತಿಯಿಂದ ತೋರಿಸಿದನು. ಆತನು ನೀರಿನ ಪಾಚಿಯ ಒಂದು ಎಳೆಯ ಮೇಲೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಪುಟ್ಟದೊಂದು ಕಾಮನಬಿಲ್ಲು ಬೀಳುವಂತೆ ಮಾಡಿ, ಆ ನೀರಿಗೆ ಆಮ್ಲಜನಕವನ್ನರಸಿ ಚಲಿಸುವ ಸೂಕ್ಷ್ಮಜೀವಿಗಳನ್ನು ಬಿಟ್ಟನು. ಸಸ್ಯವು ಆಹಾರ ಕಟ್ಟುವಾಗ ಆಮ್ಲಜನಕವನ್ನು ಹೊರಗೆಡಹುವುದಷ್ಟೆ. ಸೂಕ್ಷ್ಮಜೀವಿಗಳು ಕೆಂಪು ಬಿದ್ದೆಡೆಯಲ್ಲಿಯೂ ನೀಲಿ ಬಿದ್ದೆಡೆಯಲ್ಲಿಯೂ ಮುತ್ತಿಕೊಂಡುವು. ಹಸುರು ಬಿದ್ದೆಡೆಯಲ್ಲಿ ವಿರಳವಾಗಿದ್ದುವು.

ಈ ಪ್ರಯೋಗದಿಂದ ಹಸುರು ಬೆಳಕು ಸಸ್ಯಕ್ಕೆ ನಿಷ್ಪ್ರಯೋಜಕವೆಂಬ ಅಭಿಪ್ರಾಯ ಬಹುಕಾಲ ಹರಡಿತ್ತು. ನೇರಳೆ ದೀಪಗಳನ್ನು ಮಾರುವವರು ಈಗಲೂ ಅದನ್ನೇ ಹೇಳುವುದುಂಟು. ಇದು ಪೂರ್ಣ ಸತ್ಯವಲ್ಲ. 1972ರಲ್ಲಿ ಅಮೆರಿಕದ ಮೆಕ್ರೀ ಎಂಬ ವಿಜ್ಞಾನಿಯು 22 ಬಗೆಯ ಬೆಳೆಗಳ ಎಲೆಗಳನ್ನು ಒಂದೊಂದು ತರಂಗಾಂತರದ ಬೆಳಕಿನಲ್ಲಿಯೂ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶದಂತೆ, ಕೆಂಪು ಬೆಳಕು ಎಲ್ಲಕ್ಕಿಂತ ಹೆಚ್ಚು ಸಮರ್ಥವಾದರೂ ಹಸುರು ಬೆಳಕೂ ಗಣನೀಯವಾಗಿ ಕೆಲಸ ಮಾಡುವುದು. ಎಲೆಯು ಹಸುರನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ತಳ್ಳುವುದರಿಂದಲೇ ನಮ್ಮ ಕಣ್ಣಿಗೆ ಹಸುರಾಗಿ ಕಾಣುವುದು. ಆದರೆ ಅದರ ಹೆಚ್ಚಿನ ಪಾಲನ್ನು ಹೀರಿಯೇ ಹೀರುವುದು. ಅಲ್ಲದೆ ಕೆಂಪೂ ನೀಲಿಯೂ ಎಲೆಯ ಮೇಲ್ಪದರದಲ್ಲಿಯೇ ಮುಗಿದುಹೋದರೆ, ಹಸುರು ಒಳಪದರಗಳಿಗೂ ಕೆಳಗಿನ ಎಲೆಗಳಿಗೂ ಇಳಿಯುವುದು.

ಹೀಗಿರುವಲ್ಲಿ ನೇರಳೆ ದೀಪಗಳು ಬಂದುದೇಕೆ? ಕೆಂಪು ಬೆಳಕನ್ನು ಕೊಡುವ ಎಲ್‌ಇಡಿ ದೀಪವು ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕನ್ನು ಕೊಡುವುದು. ಅದಕ್ಕೆ ಸ್ವಲ್ಪ ನೀಲಿಯನ್ನು ಕೂಡಿಸಿದರೆ ಗಿಡದ ಆಕಾರವೂ ಕೆಡದು. ವಿದ್ಯುತ್ತಿನ ಮಿತವ್ಯಯವೇ ಅದರ ಗುಣ. ಅದರಲ್ಲಿ ಬೇರೆ ಯಾವ ವಿಶೇಷ ಶಕ್ತಿಯೂ ಇಲ್ಲ. ಸಾಮಾನ್ಯ ಬಿಳಿ ಎಲ್‌ಇಡಿ ದೀಪದಲ್ಲಿ ನೀಲಿ, ಹಸುರು, ಕೆಂಪು ಮೂರೂ ಇರುವುವು. ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ದೀಪದ ಬೆಳಕಿನಲ್ಲಿ ಬೆಳೆದ ಲೆಟ್ಯೂಸ್ ಸೊಪ್ಪನ್ನು 2015ನೆಯ ಆಗಸ್ಟಿನಲ್ಲಿ ತಿಂದರು. ಆ ತೊಟ್ಟಿಲ ದೀಪದಲ್ಲಿ ಕೆಂಪು, ನೀಲಿಗಳ ಜೊತೆಗೆ ಹಸುರನ್ನೂ ಸೇರಿಸಿದ್ದುದು ಗಿಡಗಳು ಕಣ್ಣಿಗೆ ಸಹಜವಾಗಿ ಕಾಣಲೆಂದು. ಇದು ಅಲಂಕಾರದ ಮಾತು ಮಾತ್ರವಲ್ಲ. ನೇರಳೆ ಬೆಳಕಿನಲ್ಲಿ ಹಸುರೆಲೆಯು ಕಪ್ಪಾಗಿ ಕಾಣುವುದರಿಂದ ಅದರ ಮೇಲಿನ ಚುಕ್ಕೆರೋಗವಾಗಲಿ, ಹಳದಿಯಾಗುವಿಕೆಯಾಗಲಿ, ನುಸಿಯಾಗಲಿ ಬೆಳೆಗಾರನ ಕಣ್ಣಿಗೆ ಬೀಳುವುದೇ ಇಲ್ಲ.

ಬೆಳಕಿನ ಅಳತೆ ಮತ್ತು ಖರ್ಚಿನ ಲೆಕ್ಕ

ಆಹಾರದ ಕೆಲಸದಲ್ಲಿ ಬಣ್ಣಕ್ಕಿಂತಲೂ ಮೊತ್ತವೇ ಮುಖ್ಯ. ಬೆಳಕು ಮಳೆಹನಿಗಳಂತೆ ಕಣಕಣವಾಗಿ ಬೀಳುವುದು. ಮಳೆಯನ್ನು ಮಿಲಿಮೀಟರುಗಳಲ್ಲಿ ಅಳೆಯುವಂತೆ ಸಸ್ಯಕ್ಕೆ ಒದಗುವ ಬೆಳಕಿನ ಕಣಗಳನ್ನು ಮೋಲ್ ಎಂಬ ಮಾನದಿಂದ ಅಳೆಯುವರು. ಮೋಡವಿಲ್ಲದ ದಿನ ನಮ್ಮ ಸೀಮೆಯ ಬಯಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸುಮಾರು 40 ಮೋಲ್ ಬೆಳಕು ಬೀಳುವುದು. ಲೆಟ್ಯೂಸಿನಂಥ ಸೊಪ್ಪಿಗೆ ದಿನಕ್ಕೆ 12ರಿಂದ 17 ಮೋಲ್ ಬೇಕು. ಟೊಮೇಟೊ, ದಪ್ಪ ಮೆಣಸಿನಕಾಯಿ ಮೊದಲಾದ ಕಾಯಿ ಬಿಡುವ ಗಿಡಗಳಿಗೆ 20ರಿಂದ 30 ಬೇಕು. ಕಿಟಕಿಯಿಂದ ದೂರವಾದ ಕೋಣೆಯ ಮೂಲೆಯಲ್ಲಿ ಒಂದು ಮೋಲ್ ಕೂಡ ದೊರೆಯದು. ಕತ್ತಲೆಗೆ ತಕ್ಕಂತೆ ನಮ್ಮ ಕಣ್ಣಿನ ಪಾಪೆಯು ಹಿಗ್ಗುವುದರಿಂದ ಆ ಮೂಲೆಯೂ ಸಾಕಷ್ಟು ಬೆಳಕಾಗಿರುವಂತೆ ತೋರುವುದು. ಗಿಡಕ್ಕೆ ಆ ಸೌಕರ್ಯವಿಲ್ಲ.

ಉತ್ತಮ ದರ್ಜೆಯ ದೀಪವು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 10 ಮೋಲ್ ಬೆಳಕನ್ನು ಕೊಡಬಲ್ಲದು. ಒಂದು ಚದರ ಮೀಟರಿಗೆ ದಿನಕ್ಕೆ 14 ಮೋಲ್ ಒದಗಿಸಬೇಕಾದರೆ 1.4 ಯೂನಿಟ್ ಬೇಕು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಅದಕ್ಕೆ ದಿನಕ್ಕೆ 141 ಯೂನಿಟ್. ಎಕರೆಗೆ ಸುಮಾರು 5,660 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯೆಂದು ಲೆಕ್ಕಕ್ಕೆ ಹಿಡಿದರೆ ಗುಂಟೆಗೆ ದಿನಕ್ಕೆ 990 ರೂಪಾಯಿಗಳು, ಎಕರೆಗೆ ಸುಮಾರು 39,600 ರೂಪಾಯಿಗಳು ಆಗುವುವು. ಮೂವತ್ತು ದಿನಗಳ ಸೊಪ್ಪಿಗೆ ಒಂದು ಚದರ ಮೀಟರಿನ ವಿದ್ಯುತ್ ಖರ್ಚೇ 294 ರೂಪಾಯಿ. ಅಷ್ಟು ಜಾಗದಲ್ಲಿ 3 ಕಿಲೋ ಸೊಪ್ಪು ಬಂದರೂ ಕಿಲೋ ಒಂದಕ್ಕೆ 98 ರೂಪಾಯಿ ಬೆಳಕಿನ ಬಾಬ್ತೇ ಬೀಳುವುದು. ದೀಪಗಳ ಬೆಲೆ, ಕೊಠಡಿಯನ್ನು ತಂಪಾಗಿಡುವ ಖರ್ಚು, ಆಳುಗಳ ಕೂಲಿ ಇವು ಈ ಲೆಕ್ಕದಲ್ಲಿ ಸೇರಿಲ್ಲ. ಪಟ್ಟಣದ ದೊಡ್ಡ ಹೋಟೆಲುಗಳು ದುಬಾರಿ ಬೆಲೆಗೆ ಕೊಳ್ಳುವ ಕೆಲವು ಸೊಪ್ಪುಗಳಿಗೆ ಇದು ಹೊಂದಿದರೂ ಹೊಂದಬಹುದು. ರಾಗಿ, ಭತ್ತ, ಬೇಳೆಕಾಳುಗಳಿಗೆ ಈ ಮಾತನ್ನೇ ಆಡಕೂಡದು.

ನೆದರ್ಲೆಂಡ್ಸ್ ದೇಶದವರು ಗಾಜಿನ ಮನೆಗಳಲ್ಲಿ ದೀಪ ಹಚ್ಚಿ ಟೊಮೇಟೊ ಬೆಳೆಯುವರಲ್ಲ ಎಂದು ಕೇಳಬಹುದು. ಅಲ್ಲಿ ಡಿಸೆಂಬರ್ ತಿಂಗಳಲ್ಲಿ ಹಗಲು 8 ಗಂಟೆಗೂ ಕಡಮೆ. ಇರುವ ಬಿಸಿಲೂ ಮಂದ. ಅವರಿಗೆ ದೀಪವು ಅನಿವಾರ್ಯ. ನಮ್ಮಲ್ಲಿ ಮಿಥುನದಿಂದ ಧನುವಿನವರೆಗೆ ಯಾವ ಮಾಸದಲ್ಲಿಯೂ ಹಗಲು 11 ಗಂಟೆಗಿಂತ ಕಡಮೆಯಿಲ್ಲ. ದೇವರು ಪುಕ್ಕಟೆಯಾಗಿ ಸುರಿಯುವ ಬಿಸಿಲನ್ನು ಗೋಡೆ ಕಟ್ಟಿ ತಡೆದು, ಅದನ್ನೇ ಹಣ ಕೊಟ್ಟು ಕೊಳ್ಳುವುದು ಜಾಣತನವಲ್ಲ.

ಸಮಾಚಾರವನ್ನು ತಿಳಿಸುವ ಬೆಳಕು

ಇನ್ನು ಬೆಳಕಿನ ಎರಡನೆಯ ಕೆಲಸ. ಇದಕ್ಕೆ ಬೇಕಾಗುವ ಬೆಳಕು ಅತ್ಯಲ್ಪ. ಆದರೆ ಬಣ್ಣವೂ ಹೊತ್ತೂ ಸರಿಯಾಗಿರಬೇಕು.

ಚಾರ್ಲ್ಸ್ ಡಾರ್ವಿನ್ ಎಂಬ ವಿಖ್ಯಾತ ವಿಜ್ಞಾನಿಯು ತನ್ನ ಮಗನೊಡನೆ ಹುಲ್ಲಿನ ಮೊಳಕೆಗಳು ಬೆಳಕಿನ ಕಡೆಗೆ ಬಾಗುವುದನ್ನು ಪರೀಕ್ಷಿಸಿ, 1880ರಲ್ಲಿ ಅದನ್ನು ಪ್ರಕಟಿಸಿದನು. ಮೊಳಕೆಯ ತುದಿಗೆ ಬೆಳಕು ತೂರದ ಟೊಪ್ಪಿಗೆಯನ್ನು ಹಾಕಿದಾಗ ಅದು ಬಾಗಲಿಲ್ಲ. ತುದಿಯು ಸುದ್ದಿಯನ್ನು ಗ್ರಹಿಸಿ ಕೆಳಗಿನ ಭಾಗಕ್ಕೆ ಕಳುಹುವುದೆಂದು ಇದರಿಂದ ತಿಳಿಯಿತು. ಈ ಸುದ್ದಿಯನ್ನು ತರುವುದು ನೀಲಿ ಬೆಳಕೆಂದು ಅನಂತರದ ಪರೀಕ್ಷೆಗಳಿಂದ ಗೊತ್ತಾಗಿರುವುದು. ಎಲೆಯಲ್ಲಿ ಗಾಳಿಯಾಡುವ ಸೂಕ್ಷ್ಮ ರಂಧ್ರಗಳು ಬೆಳಗ್ಗೆ ತೆರೆಯುವಂತೆ ಪ್ರೇರಿಸುವುದೂ ಕಾಂಡವು ಅತಿಯಾಗಿ ನೀಳವಾಗದಂತೆ ತಡೆಯುವುದೂ ನೀಲಿಯ ಕೆಲಸವೇ. ಬರಿಯ ಕೆಂಪು ದೀಪದಡಿಯಲ್ಲಿ ಬೆಳೆದ ಸಸಿಗಳು ಸಾಮಾನ್ಯವಾಗಿ ಉದ್ದವಾಗಿಯೂ ಬಲಹೀನವಾಗಿಯೂ ಇರುವುವು. ಹತ್ತರಲ್ಲಿ ಒಂದು ಪಾಲು ನೀಲಿಯನ್ನು ಕೂಡಿಸಿದರೆ ಈ ದೋಷವು ಬಹುಮಟ್ಟಿಗೆ ನೀಗುವುದು. ಪಾಲಿಕೆಯ ಸಸಿಯು ನೀಳವಾಗುವುದಕ್ಕೂ ಇದೇ ಕಾರಣ. ಬೆಳಕಿನ ಸುದ್ದಿಯೇ ಬಾರದಿರುವುದರಿಂದ ಅದು ತಾನಿನ್ನೂ ಮಣ್ಣಿನೊಳಗೆ ಇರುವಂತೆ ನಡೆದುಕೊಂಡು, ಬೀಜದಲ್ಲಿದ್ದ ಬುತ್ತಿಯನ್ನೆಲ್ಲ ಕಾಂಡವನ್ನು ಉದ್ದ ಮಾಡುವುದಕ್ಕೇ ವ್ಯಯಮಾಡುವುದು.

ಕೆಂಪು ಮತ್ತು ಅಂಚುಗೆಂಪುಗಳ ಸಮಾಚಾರ ಬೇರೆ ತೆರನಾದುದು. ಬಯಲಿನ ಬಿಸಿಲಿನಲ್ಲಿ ಈ ಎರಡೂ ಹೆಚ್ಚು ಕಡಮೆ ಸಮವಾಗಿರುವುವು. ಎಲೆಯು ಕೆಂಪನ್ನು ಹೀರಿ ಅಂಚುಗೆಂಪನ್ನು ಕೆಳಕ್ಕೆ ಬಿಟ್ಟುಬಿಡುವುದರಿಂದ ಮರದ ನೆರಳಿನಲ್ಲಿ ಅಂಚುಗೆಂಪೇ ಹೆಚ್ಚಾಗಿರುವುದು. ಬದುವಿನ ಹೊಂಗೆಮರದ ಅಡಿಯಲ್ಲಿ ರಾಗಿಯ ಪೈರು ಸಣಕಲಾಗಿ ಎತ್ತರಕ್ಕೆ ಹೋಗುವುದನ್ನು ಎಲ್ಲ ರೈತರೂ ಬಲ್ಲರು. ಅಂಚುಗೆಂಪು ಹೆಚ್ಚಾದೊಡನೆ ಪೈರು ತನ್ನ ಮೇಲೆ ಬೇರೊಂದು ಗಿಡ ಕವಿದಿದೆಯೆಂದರಿತು ಅದನ್ನು ಮೀರಿ ಬೆಳೆಯಲು ಹವಣಿಸುವುದು. ಒಟ್ಟಲು ಪಾತಿಯಲ್ಲಿ ಬೀಜವನ್ನು ಒತ್ತಾಗಿ ಚೆಲ್ಲಿದಾಗ ಸಸಿಗಳು ನೀಳವಾಗುವುದೂ ಹೀಗೆಯೇ; ನೆರೆಯ ಸಸಿಗಳ ಎಲೆಯಿಂದ ಪುಟಿದು ಬಂದ ಅಂಚುಗೆಂಪು, ನೆರಳು ಬೀಳುವ ಮೊದಲೇ, ಮುನ್ಸೂಚನೆ ಕೊಡುವುದು. ತೆಳುವಾಗಿ ಬಿತ್ತಿ ಗಟ್ಟಿ ಸಸಿಯನ್ನು ಪಡೆಯಬೇಕೆಂಬ ಹಿರಿಯರ ಮಾತಿಗೆ ಇದು ಆಧಾರ.

ಅಮೆರಿಕದ ಬೆಲ್ಟ್ಸ್‌ವಿಲ್ಲಿನ ಸರ್ಕಾರಿ ವ್ಯವಸಾಯ ಸಂಶೋಧನ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮೊದಲಾದವರು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ನಡೆಸಿದ ಪ್ರಯೋಗವು ಈ ವಿಷಯದಲ್ಲಿ ಪ್ರಸಿದ್ಧವಾದುದು. ನೆನೆದ ಬೀಜದ ಮೇಲೆ ಸ್ವಲ್ಪ ಹೊತ್ತು ಕೆಂಪು ಬೆಳಕು ಬಿದ್ದರೆ ಬೀಜವು ಮೊಳೆಯುವುದು. ಕೆಂಪಿನ ಹಿಂದೆಯೇ ಅಂಚುಗೆಂಪು ಬಿದ್ದರೆ ಮೊಳೆಯದು. ಮತ್ತೆ ಕೆಂಪು ಬಿದ್ದರೆ ಮತ್ತೆ ಮೊಳೆಯುವುದು. ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬಣ್ಣವೇ ನಿರ್ಣಾಯಕ. ಸಸ್ಯದೊಳಗೆ ಈ ಸುದ್ದಿಯನ್ನು ಗ್ರಹಿಸುವ ವಸ್ತುವಿಗೆ ಫೈಟೋಕ್ರೋಮ್ ಎಂದು ಹೆಸರಾಯಿತು. ಬೀಗದ ಕೈಯನ್ನು ಒಂದು ಕಡೆಗೆ ತಿರುಗಿಸಿದರೆ ಬಾಗಿಲು ತೆರೆದು ಇನ್ನೊಂದು ಕಡೆಗೆ ತಿರುಗಿಸಿದರೆ ಮುಚ್ಚುವಂತೆ ಅದು ಕೆಲಸ ಮಾಡುವುದು. ಹೊಗೆಸೊಪ್ಪಿನಂಥ ಅತಿ ಸಣ್ಣ ಬೀಜಗಳನ್ನು ಆಳವಾಗಿ ಮುಚ್ಚದೆ ಮೇಲ್ಮಣ್ಣಿನ ಮೇಲೆಯೇ ಚೆಲ್ಲುವುದಕ್ಕೂ, ನೇಗಿಲು ಹೊಡೆದ ಮೇಲೆ ಬಹುದಿನ ಹುದುಗಿದ್ದ ಕಳೆಯ ಬೀಜಗಳು ಏಕಾಏಕಿ ಮೊಳೆತು ಮೇಲೇಳುವುದಕ್ಕೂ ಬೆಳಕಿನ ಈ ಸಂಜ್ಞೆಯು ಒಂದು ಕಾರಣ.

ರಾತ್ರಿಯ ಉದ್ದ ಮತ್ತು ಸೇವಂತಿಗೆ

ಗಿಡವು ಯಾವಾಗ ಹೂ ಬಿಡಬೇಕೆಂಬುದನ್ನೂ ಇದೇ ದೂತನು ತಿಳಿಸುವನು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ವ್ಯವಸಾಯ ವಿಜ್ಞಾನಿಗಳು ಒಂದು ಜಾತಿಯ ಹೊಗೆಸೊಪ್ಪು ಬೇಸಗೆಯಲ್ಲಿ ಎಷ್ಟು ಬೆಳೆದರೂ ಹೂ ಬಿಡದಿರುವುದೇಕೆಂದು ಶೋಧಿಸಿ ಉತ್ತರವನ್ನು ಪ್ರಕಟಿಸಿದರು. ಸಂಜೆಗೆ ಮೊದಲೇ ಗಿಡಗಳನ್ನು ಕತ್ತಲೆಯ ಕೊಟ್ಟಿಗೆಯೊಳಕ್ಕೆ ಸೇರಿಸಿ ಹಗಲನ್ನು ಕಿರಿದು ಮಾಡಿದಾಗ ಅವು ಬೇಸಗೆಯಲ್ಲಿಯೇ ಹೂ ಬಿಟ್ಟುವು. ಗಿಡವು ಅಳೆಯುವುದು ಮುಖ್ಯವಾಗಿ ರಾತ್ರಿಯ ಉದ್ದವನ್ನೆಂದು ಅನಂತರ ಸ್ಪಷ್ಟವಾಯಿತು. ದೀರ್ಘವಾದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಮಂದವಾದ ಕೆಂಪು ಬೆಳಕನ್ನು ಬೀರಿದರೂ ಸಾಕು, ಗಿಡಕ್ಕೆ ಆ ಒಂದು ರಾತ್ರಿಯು ಎರಡು ಚಿಕ್ಕ ರಾತ್ರಿಗಳಂತೆ ತೋರುವುದು.

ಈ ತತ್ತ್ವದ ಪ್ರಯೋಜನವನ್ನು ಬೆಂಗಳೂರಿನ ಸುತ್ತಮುತ್ತಲಿನ ಸೇವಂತಿಗೆ ಬೆಳೆಗಾರರು ಪಡೆಯುತ್ತಿರುವರು. ರಾತ್ರಿಯ ಹೊತ್ತು ಆ ಕಡೆ ಪ್ರಯಾಣ ಮಾಡುವವರಿಗೆ ಹೊಲಗಳಲ್ಲಿಯೂ ಪಾಲಿಮನೆಗಳಲ್ಲಿಯೂ ಸಾಲು ಸಾಲಾಗಿ ತೂಗುಬಿಟ್ಟ ದೀಪಗಳು ಕಾಣಸಿಗುವುವು. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಬೆಂಗಳೂರಿನ ಅಕ್ಷಾಂಶದಲ್ಲಿ ಅತಿ ದೀರ್ಘವಾದ ಹಗಲೂ 13 ಗಂಟೆಗೆ ಸ್ವಲ್ಪ ಕಡಮೆಯೇ. ಆದಕಾರಣ ಇಲ್ಲಿ ನೆಟ್ಟ ಸಸಿಗೆ ವರ್ಷದ ಯಾವ ಕಾಲದಲ್ಲಿಯೂ ಬೇಗನೆ ಮೊಗ್ಗು ಕಟ್ಟುವ ಪ್ರವೃತ್ತಿ ಇರುವುದು. ಕಾಂಡವು ಉದ್ದವಾಗುವ ಮೊದಲೇ ಮೊಗ್ಗಾದರೆ ಹೂ ಚಿಕ್ಕದು, ಬೆಲೆಯೂ ಅಲ್ಪ. ನೆಟ್ಟಂದಿನಿಂದ ಸುಮಾರು ನಾಲ್ಕು ವಾರ ಪ್ರತಿರಾತ್ರಿ 10 ಗಂಟೆಯಿಂದ 2 ಗಂಟೆಯವರೆಗೆ ದೀಪ ಉರಿಸಿದರೆ ಮೊಗ್ಗು ತಡೆದು ಕಾಂಡವು ಬೆಳೆಯುವುದು. ತಕ್ಕ ಎತ್ತರಕ್ಕೆ ಬಂದೊಡನೆ ದೀಪವನ್ನು ನಿಲ್ಲಿಸಿದರೆ ಜಾತಿಯನ್ನನುಸರಿಸಿ ಸಾಮಾನ್ಯವಾಗಿ 7ರಿಂದ 10 ವಾರಗಳಲ್ಲಿ ಹೂ ಕೊಯ್ಲಿಗೆ ಬರುವುದು. ಹಬ್ಬಕ್ಕೆ ಸರಿಯಾಗಿ ಹೂ ಬರುವಂತೆ ದಿನವನ್ನು ಹಿಂದಕ್ಕೆಣಿಸಿ ನೆಡುವುದು ಇದರಿಂದ ಸಾಧ್ಯ.

ಇದರ ಖರ್ಚನ್ನು ಹಿಂದಿನ ಲೆಕ್ಕದೊಡನೆ ಹೋಲಿಸಿ ನೋಡತಕ್ಕದ್ದು. ಹತ್ತು ಅಡಿಗೊಂದರಂತೆ ದೀಪ ಕಟ್ಟಿದರೆ ಎಕರೆಗೆ ಸುಮಾರು 436 ದೀಪಗಳು. ಒಂದೊಂದೂ 10 ವ್ಯಾಟಿನದಾದರೆ ನಾಲ್ಕು ಗಂಟೆಗೆ 17 ಯೂನಿಟ್ಟಿಗೆ ಸ್ವಲ್ಪ ಹೆಚ್ಚು ವಿದ್ಯುತ್ತು. ಅದೇ 7 ರೂಪಾಯಿಯ ದರದಲ್ಲಿ ರಾತ್ರಿಗೆ ಸುಮಾರು 122 ರೂಪಾಯಿ. ಆಹಾರಕ್ಕಾಗಿ ಬೆಳಕು ಕೊಟ್ಟರೆ ಎಕರೆಗೆ ದಿನಕ್ಕೆ 39,600 ರೂಪಾಯಿ. ಸಮಾಚಾರಕ್ಕಾಗಿ ಕೊಟ್ಟರೆ 122 ರೂಪಾಯಿ. ಮುನ್ನೂರು ಪಟ್ಟಿಗೂ ಮೀರಿದ ಈ ಅಂತರವೇ ಈ ಲೇಖನದ ಸಾರ. ಊಟವನ್ನು ಸೂರ್ಯನಿಂದ ಪಡೆದು, ಸುದ್ದಿಯನ್ನು ಮಾತ್ರ ದೀಪದಿಂದ ಕೊಡುವ ಬೆಳೆಗಾರನಿಗೆ ಲಾಭವುಂಟು.

ಸೀಸೆಯ ಬಾಳೆ ಮತ್ತು ಕೊಠಡಿಯ ಕೇಸರಿ

ಪೂರ್ಣವಾಗಿ ಒಳಾಂಗಣದಲ್ಲಿಯೇ ಬೆಳೆದು ರೈತರ ಹೊಲಕ್ಕೆ ಬರುವ ಗಿಡವೊಂದುಂಟು. ಅದು ಅಂಗಾಂಶ ಕೃಷಿಯ ಬಾಳೆ. ಪ್ರಯೋಗಾಲಯದ ಸೀಸೆಯೊಳಗೆ ಅದು ಬಿಳಿ ದೀಪದ ಮಂದ ಬೆಳಕಿನಲ್ಲಿ, ದಿನಕ್ಕೆ ಸಾಮಾನ್ಯವಾಗಿ 16 ಗಂಟೆಯಂತೆ, ಚೆನ್ನಾಗಿ ಬೆಳೆಯುವುದು. ಅಷ್ಟು ಅಲ್ಪ ಬೆಳಕು ಸಾಕಾಗುವುದೇಕೆಂದರೆ ಸೀಸೆಯ ಪೋಷಕದ್ರವ್ಯದಲ್ಲಿ ಲೀಟರಿಗೆ ಸುಮಾರು 30 ಗ್ರಾಮಿನಂತೆ ಸಕ್ಕರೆಯನ್ನು ಬೆರೆಸಿರುವರು. ಊಟವು ಸಕ್ಕರೆಯಿಂದ ಬರುವುದು. ಬೆಳಕು ಬಹುಮಟ್ಟಿಗೆ ಆಕಾರವನ್ನು ತಿದ್ದುವ ಸಂಜ್ಞೆಯಾಗಿ ಮಾತ್ರ ಒದಗುವುದು. ಸೀಸೆಯಿಂದ ತೆಗೆದ ಸಸಿಯನ್ನು ನೇರವಾಗಿ ಬಿಸಿಲಿಗಿಟ್ಟರೆ ಸುಟ್ಟುಹೋಗುವುದು. ಕೆಲವು ವಾರ ನೆರಳು ಪರದೆಯ ಅಡಿಯಲ್ಲಿರಿಸಿ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಹೊಂದಿಸಿದ ಸಸಿಯನ್ನೇ ರೈತರು ಕೊಳ್ಳತಕ್ಕದ್ದು.

ಕೇಸರಿಯ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿಯ ಗೆಡ್ಡೆಗಳನ್ನು ದುಬಾರಿ ಬೆಲೆಗೆ ತಂದು ತಂಪಾದ ಕೊಠಡಿಯಲ್ಲಿ ನೇರಳೆ ದೀಪದಡಿಯಲ್ಲಿಟ್ಟರೆ ಹೂ ಅರಳುವುದು ನಿಜ. ಆದರೆ ಆ ಹೂವು ಅರಳುವುದು ಗೆಡ್ಡೆಯಲ್ಲಿ ಮೊದಲೇ ಕೂಡಿಟ್ಟಿದ್ದ ಆಹಾರದ ಬಲದಿಂದ, ದೀಪದ ಮಹಿಮೆಯಿಂದಲ್ಲ. ಹೂವಾದ ಮೇಲೆ ತಾಯಿಗೆಡ್ಡೆಯು ಸುಕ್ಕಿ, ಎಲೆಗಳು ತಿಂಗಳುಗಟ್ಟಲೆ ಬಿಸಿಲನ್ನುಂಡು ಮರಿಗೆಡ್ಡೆಗಳನ್ನು ತುಂಬಬೇಕು. ಕಾಶ್ಮೀರದಲ್ಲಿ ಈ ಕೆಲಸವು ಹೊಲದ ಬಯಲಿನಲ್ಲಿ ವಸಂತದವರೆಗೂ ನಡೆಯುವುದು. ಮಂದ ದೀಪದಡಿಯಲ್ಲಿ ಮರಿಗೆಡ್ಡೆಗಳು ಚಿಕ್ಕವಾಗಿಯೇ ಉಳಿಯುವುವು. 8 ಗ್ರಾಮಿಗಿಂತ ಕಡಮೆ ತೂಕದ ಗೆಡ್ಡೆಯು ಸಾಮಾನ್ಯವಾಗಿ ಮರುವರ್ಷ ಹೂ ಬಿಡದು. ಮೊದಲ ವರ್ಷದ ಹೂವನ್ನು ಕಂಡು ಹಿಗ್ಗಿ ಸಾಲವನ್ನು ಹೆಚ್ಚಿಸಿಕೊಂಡವನು ಎರಡನೆಯ ವರ್ಷ ಹೊಸ ಗೆಡ್ಡೆಗಳನ್ನೇ ಕೊಳ್ಳಬೇಕಾಗಿ ಬರುವುದು. ಇಂಥ ಉದ್ಯಮಕ್ಕೆ ಸಲಹೆ ಕೇಳಿದವರಿಗೆ, ಮರಿಗೆಡ್ಡೆಗಳನ್ನು ಎಲ್ಲಿ, ಯಾವ ಬೆಳಕಿನಲ್ಲಿ ದಪ್ಪ ಮಾಡುವೆ ಎಂಬ ಪ್ರಶ್ನೆಯನ್ನು ಮುಖ್ಯಸ್ಥರು ಮೊದಲು ಹಾಕತಕ್ಕದ್ದು.

ದೀಪ ಕೊಳ್ಳುವ ಮುನ್ನ ನೋಡಬೇಕಾದ ಅಂಶಗಳು

1. ಬಿಸಿಲನ್ನು ಉಪಯೋಗಿಸಲು ಸಾಧ್ಯವಿರುವಲ್ಲಿ ದೀಪವನ್ನು ಕೊಳ್ಳಕೂಡದು. ಮೆಣಸಿನಕಾಯಿ, ಟೊಮೇಟೊ ಸಸಿಗಳಿಗೆ ನೆರಳು ಪರದೆಯ ಚಪ್ಪರವೇ ಅಗ್ಗ.

2. ಕೆಲವು ದೀಪಗಳ ಪೆಟ್ಟಿಗೆಯ ಮೇಲೆ 1,000 ವ್ಯಾಟ್ ಎಂದು ಅಚ್ಚು ಹಾಕಿದ್ದರೂ ಅವು ಎಳೆಯುವ ವಿದ್ಯುತ್ತು ಅದರ ಒಂದಂಶ ಮಾತ್ರವಿರುವುದುಂಟು. ಮೀಟರಿನಲ್ಲಿ ಅಳೆಯಿಸಿ ನೋಡತಕ್ಕದ್ದು. ಲಕ್ಸ್, ಲ್ಯೂಮೆನ್ ಎಂಬುವು ಮನುಷ್ಯನ ಕಣ್ಣಿಗೆ ಸಂಬಂಧಿಸಿದ ಅಳತೆಗಳು. ಗಿಡದ ದೀಪಕ್ಕೆ, ಒಂದು ಯೂನಿಟ್ಟಿಗೆ ಎಷ್ಟು ಮೋಲ್ ಬೆಳಕು ಎಂದು ಕೇಳತಕ್ಕದ್ದು.

3. ಸಸಿ ಬೆಳೆಸಲು ದೀಪವೇ ಬೇಕಾದಲ್ಲಿ ಸಾಮಾನ್ಯ ಬಿಳಿ ಎಲ್‌ಇಡಿ ಕೊಳವೆದೀಪವೇ ಸಾಕು. ಸಸಿಯ ತುದಿಯಿಂದ ಅರ್ಧ ಅಡಿಯಿಂದ ಒಂದಡಿಯೊಳಗೆ ಇರಿಸತಕ್ಕದ್ದು. ಚಾವಣಿಗೆ ಕಟ್ಟಿದ ದೀಪದಿಂದ ಪ್ರಯೋಜನವಿಲ್ಲ.

4. ದಿನಕ್ಕೆ 14ರಿಂದ 16 ಗಂಟೆಗಳಿಗಿಂತ ಹೆಚ್ಚು ಉರಿಸಕೂಡದು. ಹಗಲು ರಾತ್ರಿ ಎಡೆಬಿಡದೆ ಬೆಳಕು ಬಿದ್ದರೆ ಟೊಮೇಟೊ ಎಲೆಗಳು ಹಳದಿಯಾಗಿ ಗಿಡವು ಕೆಡುವುದು.

5. ಸೇವಂತಿಗೆಗೆ ರಾತ್ರಿ ದೀಪ ಹಾಕುವವರು ಕೆಂಪು ಅಥವಾ ಹಳದಿಛಾಯೆಯ ಬಿಳಿ ದೀಪವನ್ನು ಆರಿಸತಕ್ಕದ್ದು. ಮಂದವಾದ ನೀಲಿ ದೀಪವು ಈ ಕೆಲಸಕ್ಕೆ ಬಾರದು. ನಿಗದಿಯಾದ ಹೊತ್ತಿನಲ್ಲಿ ವಿದ್ಯುತ್ತು ತಪ್ಪದೆ ದೊರೆಯುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೇಲಿಂದ ಮೇಲೆ ಕೆಲವು ರಾತ್ರಿ ದೀಪ ತಪ್ಪಿದರೂ ಮೊಗ್ಗು ಕಟ್ಟಲಾರಂಭಿಸುವುದು.

6. ನೇರಳಾತೀತ ಕಿರಣ ಬೀರುವ ದೀಪವನ್ನು ಬರಿಗಣ್ಣಿನಿಂದ ನೋಡಕೂಡದು. ಒದ್ದೆ ನೆಲದಲ್ಲಿ ತಂತಿ ಎಳೆಯುವಾಗ ತಿಳಿದ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಬೆಳೆಗಿಂತ ಪ್ರಾಣ ದೊಡ್ಡದು.

7. ಮೊದಲ ವರ್ಷ ಒಂದೆರಡು ಮಡಿಗಳಿಗೆ ಮಾತ್ರ ದೀಪ ಹಾಕಿ, ಪಕ್ಕದ ಮಡಿಗಳನ್ನು ಹಾಗೆಯೇ ಬಿಟ್ಟು, ಎರಡರ ಹುಟ್ಟುವಳಿಯನ್ನೂ ಖರ್ಚನ್ನೂ ಬರೆದಿಟ್ಟು ಹೋಲಿಸತಕ್ಕದ್ದು. ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲಿ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ವಿಚಾರಿಸಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ದೀಪದ ಬೇಸಾಯವು ಮೋಸವೂ ಅಲ್ಲ, ಪವಾಡವೂ ಅಲ್ಲ. ಯಾರಾದರೂ ಬಣ್ಣದ ದೀಪವನ್ನು ತಂದು ಮುಂದಿಟ್ಟಾಗ ಇದು ನನ್ನ ಪೈರಿಗೆ ಊಟವೋ ಸುದ್ದಿಯೋ ಎಂದು ಕೇಳಬೇಕು. ಸುದ್ದಿಯಾದರೆ, ಯಾವ ಬಣ್ಣ, ಯಾವ ಹೊತ್ತು ಎಂಬುದನ್ನು ವಿಚಾರಿಸಿ ಮುಂದುವರಿಯಬಹುದು. ಊಟವಾದರೆ, ಚದರ ಮೀಟರಿಗೆ ಎಷ್ಟು ಯೂನಿಟ್ ಎಂದು ಕಾಗದದ ಮೇಲೆ ಲೆಕ್ಕ ಹಾಕಿ, ಆ ಕಾಗದವನ್ನು ಹಿಡಿದು ಒಮ್ಮೆ ಹೊರಗಿನ ಬಿಸಿಲಿಗೆ ಬಂದು ನಿಲ್ಲುವುದು ಒಳ್ಳೆಯದು.